ಹನ್ನೆರಡು ಬೆರಳಿನ ಕೋಲಿಗೆ ಮೂರು ಬೆರಳು ನೆರಳು

ಎಲ್ಲರಿಗೂ ತೀರ್ಥಹಳ್ಳಿಯಿಂದ ನಮಸ್ಕಾರ. ಅಮ್ಮನ ಕಣ್ಣಿನ ಪೊರೆ ತೆಗೆಸಬೇಕಿತ್ತು. ಹಾಗಾಗಿ ಮಾರ್ಚ್ ನಡುವಿನಲ್ಲೇ ಎಂಟು ವರ್ಷದ ಮಗಳನ್ನು ಕರಕೊಂಡು ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಬಂದೆ. ರಜೆ ಕೇಳಿದಾಗ ಶಾಲೆಯವರ ಮುಖ ನೋಡಬೇಕಿತ್ತು, ಇರಲಿ. ‘ಯುಗಾದಿ ಅಂದರೆ ಸ್ಪ್ರಿಂಗ್ ಹಬ್ಬ ಅಂತ ಮಕ್ಕಳಿಗೆ ಹೇಳಿಬಿಟ್ಟರೆ ಸಾಕಾ’ ಅಂತ ನಮ್ಮ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರಲ್ಲ, ನಾನು ‘ಧಾರಾಳ ಸಾಕು’ ಅಂತ ಉತ್ತರ ಹಾಕಿದ್ದೆ. ಆ ಮಾತು ವಾಪಸ್ ತಗೊಳ್ತಿದ್ದೇನೆ.

ಬಂದ ಮೂರನೇ ದಿನ ಮಗಳು ಮನೆ ಹಿಂದಿನ ಗುಡ್ಡ ಹತ್ತಿ ಇಳಿದು ಬಂದವಳೇ ಹೇಳಿದಳು, ‘ಅಮ್ಮಾ, ಇಲ್ಲಿ ಆಟಮ್ (ಎಲೆ ಉದುರೋ ಕಾಲ)!’ ಹೋಗಿ ನೋಡಿದರೆ ತಪ್ಪೇನಿಲ್ಲ. ಮರದಡಿಯೆಲ್ಲ ದರಗು, ಒಣಗಿ ಉದುರಿದ ಎಲೆ. ಪಕ್ಕದ ಮನೆಯವರು ಕೊಟ್ಟಿಗೆಗೆ ಹಾಸಲು ಗುಡಿಸಿ ರಾಶಿ ಮಾಡುತ್ತಿದ್ದರು. ದೊಡ್ಡ ಬುಟ್ಟಿಯೊಳಗೆ ಒಬ್ಬರು ನಿಂತು ತುಳಿಯೋದು, ಇನ್ನೊಬ್ಬರು ತಂದು ಸುರಿಯೋದು. ಅವಳ ಪುಸ್ತಕದಲ್ಲಿ ಎಲೆ ಉದುರೋದು ಅಕ್ಟೋಬರಿನಲ್ಲಿ. ವಸಂತ ಅಂದರೆ ಹುಲ್ಲಿನ ನಡುವೆ ಡ್ಯಾಫೊಡಿಲ್. ಇಲ್ಲಿ ಒಂದೇ ಮರದ ಬುಡದಲ್ಲಿ ದರಗು, ತುದಿಯಲ್ಲಿ ಕೆಂಚಿಗುರು. ಜಗುಲಿಯ ಮೊರದಲ್ಲಿ ಒಣಗಲು ಹಾಕಿದ ಸುರಗಿ ಹೂವು, ಅಡುಗೆಮನೆಯಲ್ಲಿ ಉಪ್ಪಿಗೆ ಬಿದ್ದ ಅಪ್ಪೆಮಿಡಿ, ಮೈಮೇಲೆ ಸೆಕೆ. ಇದನ್ನು ಸ್ಪ್ರಿಂಗ್ ಅಂತ ಅವಳು ಹೇಗೆ ಒಪ್ಪಬೇಕು ಹೇಳಿ. ಯುಗಾದಿಗೆ ಬೇಕಾದ ಬೇವೂ ನಮ್ಮ ಓಣಿಯಲ್ಲಿಲ್ಲ. ಶಿವಮೊಗ್ಗದಿಂದ ತರಿಸಿದೆವು.

ಈ ವರ್ಷ (2026) ಯುಗಾದಿ ಮಾರ್ಚ್ 19ಕ್ಕೆ ಬಂತು. ಮರುದಿನವೇ ಈಕ್ವಿನಾಕ್ಸ್, ಅಂದರೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಇರುವ ವಿಷುವ. ಹೀಗೆ ಅಕ್ಕಪಕ್ಕ ಬರೋದು ಪ್ರತಿ ವರ್ಷದ ಮಾತಲ್ಲ. ಯುಗಾದಿ ಚಂದ್ರನ ಲೆಕ್ಕ, ಹೋದ ವರ್ಷ 30ಕ್ಕೆ ಬಂದಿತ್ತು. ಈಕ್ವಿನಾಕ್ಸ್ ಸೂರ್ಯನ ಲೆಕ್ಕ, ಅವನು ಸಮಭಾಜಕ ವೃತ್ತ ದಾಟಿ ಉತ್ತರಕ್ಕೆ ಬರುವ ಗಳಿಗೆ.

ನಿಜ ಹೇಳಬೇಕೆಂದರೆ ಊರಲ್ಲಿದ್ದ ಇಪ್ಪತ್ತೈದು ವರ್ಷ ಆ ದಿನ ಬಂದದ್ದೂ ಹೋದದ್ದೂ ನನಗೆ ಗೊತ್ತಾಗಿರಲಿಲ್ಲ. ಗೊತ್ತಾಗೋದಾದರೂ ಹೇಗೆ? ತೀರ್ಥಹಳ್ಳಿಯಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರೋದು ಒಂದೂವರೆ ಗಂಟೆಯಷ್ಟು ವ್ಯತ್ಯಾಸ. ಎಡಿನ್‌ಬರೋದಲ್ಲಿ ಡಿಸೆಂಬರಿನ ಹಗಲು ಏಳು ಗಂಟೆ, ಜೂನಿನದು ಹದಿನೇಳೂವರೆ. ಮಾರ್ಚಿನಲ್ಲಿ ಹಗಲು ದಿನಕ್ಕೆ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೆಳೆಯುತ್ತದೆ, ವಾರಕ್ಕೆ ಅರ್ಧ ಗಂಟೆ! ಇಲ್ಲಿ ದಿನಕ್ಕೆ ಒಂದು ನಿಮಿಷವೂ ಇಲ್ಲ. ಅಲ್ಲಿಗೆ ಹೋದ ಮೊದಲ ಚಳಿಗಾಲ ನಾನು ಸುಮ್ಮಸುಮ್ಮನೆ ಅತ್ತಿದ್ದೆ, ಊರ ನೆನಪು ಅಂದುಕೊಂಡು. ಅರ್ಧಕ್ಕರ್ಧ ಅದು ಬೆಳಕಿನ ಬರ ಅಂತ ತಿಳಿಯಲು ಎರಡು ವರ್ಷ ಹಿಡಿಯಿತು. ಮಗಳು ಮಾತ್ರ ಆ ಬೆಳಕಿನಲ್ಲೇ ಹುಟ್ಟಿದವಳು. ಕತ್ತಲೆ ಹಿಂದೆ ಸರಿಯೋದು ಅವಳ ಮೈಗೇ ಗೊತ್ತು. ಈ ಒಂದು ವಿಷಯದಲ್ಲಿ ಅವಳಿಗೆ ಕಲಿಸಲು ಹೊರಟದ್ದೇ ನನ್ನ ಪೆದ್ದುತನ.

ಹಾಗಂತ ಊರಿಗೆ ಆ ದಿನದ ಲೆಕ್ಕವೇ ಇರಲಿಲ್ಲ ಅಂತಲ್ಲ. ಈ ಸಲ ಆ ದಿನ ಅಪ್ಪ ಒಂದು ಸಣ್ಣ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ತಂದರು. ಹಳೇ ಪಂಚಾಂಗದವರು 12 ಅಂಗುಲದ, ಅಂದರೆ ಹನ್ನೆರಡು ಬೆರಳಗಲದ, ಶಂಕು ಅನ್ನೋ ಕೋಲು ನೆಟ್ಟು ವಿಷುವದ ಮಧ್ಯಾಹ್ನದ ನೆರಳು ಅಳೆಯುತ್ತಿದ್ದರಂತೆ. ಅದಕ್ಕೆ ಪಲಭಾ ಅಂತ ಹೆಸರು. ಊರು ಎಷ್ಟು ಉತ್ತರಕ್ಕಿದೆ ಅನ್ನೋದು ಅದರಿಂದಲೇ ಸಿಗುತ್ತದೆ. ಅಂಗುಲ ಯಾಕೆ ಅಂತ ನಾವು ಮಗಳ ಬೆರಳನ್ನೇ ಅಳತೆ ಮಾಡಿದೆವು. ಮಣ್ಣಿನಿಂದ ಮೇಲಕ್ಕೆ ಅವಳ ಹನ್ನೆರಡು ಬೆರಳಗಲ, ನೆಟ್ಟಗೆ ನೆಟ್ಟೆವು. ಕಪ್ಪು ಕನ್ನಡಕ ಹಾಕಿಕೊಂಡ ಅಮ್ಮ ಜಗುಲಿಯಿಂದಲೇ ‘ಇಲ್ಲಿ ಇಡು, ಅಲ್ಲಲ್ಲ, ಇಲ್ಲಿ’ ಅಂತ ಸೂಚನೆ ಕೊಡುತ್ತಿದ್ದರು. ಅರ್ಧರ್ಧ ಗಂಟೆಗೆ ನೆರಳಿನ ತುದಿಗೆ ಒಂದು ರಂಗೋಲಿ ಚುಕ್ಕಿ. ಒಂಬತ್ತೂವರೆಗೆ ಶುರು ಮಾಡಿ ಮೂರು ಗಂಟೆಗೆ ನೋಡಿದರೆ ಚುಕ್ಕಿಗಳೆಲ್ಲ ದಾರ ಹಿಡಿದ ಹಾಗೆ ಒಂದೇ ಗೆರೆ, ಪಶ್ಚಿಮದಿಂದ ಪೂರ್ವಕ್ಕೆ. ಬೇರೆ ದಿನಗಳಲ್ಲಿ ಅದು ಬಿಲ್ಲಿನಂತೆ ಬಾಗುತ್ತದೆ.

ಅತಿ ಗಿಡ್ಡ ನೆರಳು ಬಿದ್ದದ್ದು ಹನ್ನೆರಡಕ್ಕಲ್ಲ, ಹನ್ನೆರಡೂವರೆ ದಾಟಿದ ಮೇಲೆ. ದೇಶದ ಗಡಿಯಾರ ಅಲಹಾಬಾದಿನ (ಈಗಿನ ಪ್ರಯಾಗರಾಜ್) ಕಡೆಯ ರೇಖೆಗೆ ನಡೆಯುತ್ತದೆ. ನಾವು ಅದಕ್ಕಿಂತ ಸಾಕಷ್ಟು ಪಶ್ಚಿಮಕ್ಕಿದ್ದೇವೆ. ನೆರಳು ಮೂರು ಬೆರಳಿಗೆ ಕೂದಲೆಳೆ ಕಮ್ಮಿ. ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಗೇ ಬರುತ್ತಾನೆ, ಆಗ ಅಷ್ಟೂ ಇರೋದಿಲ್ಲ. ‘ಎಡಿನ್‌ಬರೋದಲ್ಲಿ?’ ಅಂದಳು. ಲೆಕ್ಕ ಹಾಕಿದರೆ ಹದಿನೆಂಟು ಬೆರಳಿಗೆ ಕಾಲು ಬೆರಳು ಕಮ್ಮಿ. ಕೋಲಿಗಿಂತ ನೆರಳೇ ಉದ್ದ!

ಹಗಲು ರಾತ್ರಿ ಸಮ ಅಂತ ಅವಳ ಟೀಚರ್ ಹೇಳಿದ್ದರು. ಆ ದಿನ ಪೂರ್ತಿ ಸಮ ಇರೋದಿಲ್ಲ ಅನ್ನೋದನ್ನೂ ಹೇಳಿಬಿಟ್ಟೆ. ಸೂರ್ಯನ ಮೇಲಂಚು ಕಂಡ ಕೂಡಲೇ ನಾವು ಹಗಲು ಅಂತೀವಿ. ಜೊತೆಗೆ ಗಾಳಿ ಬೆಳಕನ್ನು ಬಗ್ಗಿಸಿ ಅವನನ್ನು ಮೊದಲೇ ತೋರಿಸಿಬಿಡುತ್ತದೆ. ಹಾಗಾಗಿ ಇಲ್ಲಿ ಹಗಲು ಹನ್ನೆರಡು ಗಂಟೆಗಿಂತ ಆರೇಳು ನಿಮಿಷ ಜಾಸ್ತಿ.

ಇನ್ನು ಘಟ್ಟದ ಕೆಳಗಿನವರ ಬಿಸು ಹಬ್ಬ. ವಿಷುವದ ಹೆಸರೇ ಅದು, ಆದರೆ ಬರೋದು ಏಪ್ರಿಲ್ ನಡುವೆ. ಸುಮಾರು 1700 ವರ್ಷದ ಹಿಂದೆ ಮೇಷ ಸಂಕ್ರಾಂತಿಯೂ (ಸೂರ್ಯ ಮೇಷ ರಾಶಿ ಸೇರುವ, ಬಿಸು ಬರುವ ದಿನ) ವಿಷುವವೂ ಒಂದೇ ದಿನ ಇದ್ದವು. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನ ತೂಗುತ್ತದೆ, ಒಂದು ಸುತ್ತಿಗೆ 26,000 ವರ್ಷ. ಹಾಗಾಗಿ ಹಬ್ಬ ನಕ್ಷತ್ರದ ಜೊತೆ ಉಳಿಯಿತು, ವಿಷುವ ಹಿಂದೆ ಸರಿಯಿತು. ಇದನ್ನು ಮಗಳಿಗೆ ಹೇಳುವಾಗ ಅವಳು ಆಗಲೇ ಮಿಡಿಯ ಸೊನೆ ಕೈಗೆ ಮೆತ್ತಿಕೊಂಡು ಬೈಸಿಕೊಳ್ಳುತ್ತಿದ್ದಳು.

ವಿಷುವದ ಆ ಮಧ್ಯಾಹ್ನವೇ ಎಡಿನ್‌ಬರೋದಲ್ಲಿದ್ದ ನನ್ನ ಗಂಡನಿಗೆ ಮಗಳು ಫೋನ್ ಮಾಡಿ, ‘ಅಪ್ಪಾ, ನಿನ್ನ ಹನ್ನೆರಡು ಬೆರಳಿನ ಕೋಲು ನೆಡು’ ಅಂತ ಅಪ್ಪಣೆಯಾಯಿತು. ಅಲ್ಲಿನ ಮಧ್ಯಾಹ್ನ ಹನ್ನೆರಡು ಇಪ್ಪತ್ತು, ಇಲ್ಲಿ ಸಂಜೆ ಆರಕ್ಕೆ ಹತ್ತು ನಿಮಿಷ ಇರುವಾಗ ಫೋಟೋ ಬಂತು. ಬೂದು ಬಣ್ಣದ ಆಕಾಶ, ಹುಲ್ಲಿನಲ್ಲಿ ಒಂದು ಪೆನ್ಸಿಲ್, ನೆರಳೇ ಇಲ್ಲ. ಮರುದಿನ ಬಿಸಿಲು ಬಂತಂತೆ. ಹದಿನೇಳೂವರೆ ಬೆರಳು ಅಂತ ಬರೆದು ಕಳಿಸಿದರು. ‘ಕಾಲು ಬೆರಳು ಎಲ್ಲಿ ಹೋಯಿತು?’ ಅಂತ ಮಗಳ ಜಗಳ. ಒಂದು ದಿನದಲ್ಲಿ ಸೂರ್ಯ ಅಷ್ಟು ಮೇಲೇರಿದ್ದಾನೆ ಅಂದರೆ ಅವಳು ನಂಬಲಿಲ್ಲ. ಅಪ್ಪನ ಬೆರಳೇ ದಪ್ಪ, ಅದಕ್ಕೇ ತಪ್ಪಾಗಿದೆ ಅಂದಳು.