ಅಪ್‌ಡೇಟ್: ಬೆಲ್ಜಿಯಂ ಮಾಸ್ಟರ್ಸ್‌ಗೆ ಸೇರಲಾ ಅಂತ ಕೇಳಿದ್ದೆ, ಸೇರಿದೆ

ಶಿರಸಿಯ ಅರಣ್ಯ ಕಾಲೇಜಿನಲ್ಲಿ ಬಿಎಸ್ಸಿ ಮುಗಿಸಿ, ಸಸ್ಟೇನಬಲ್ ಅರ್ಬನ್ ಬಯೋಸೈನ್ಸ್ ಇಂಜಿನಿಯರಿಂಗ್ ಓದಬಹುದಾ ಅಂತ ಕೇಳಿದ್ದೆ, ನೆನಪಿದೆಯಾ? ಕಾಡು ಓದಿದವಳಿಗೆ ನಗರದ ಕೊಳಚೆ, ಹೊಗೆ, ಕಸದ ಓದು ಹೊಂದುತ್ತದಾ ಅನ್ನುವುದೇ ಚಿಂತೆಯಾಗಿತ್ತು. ಆಂಟ್ವೆರ್ಪ್ ವಿಶ್ವವಿದ್ಯಾಲಯ ಮತ್ತು ಬ್ರಸೆಲ್ಸ್‌ನ ವಿಯುಬಿ ಅನ್ನುವ ವಿಶ್ವವಿದ್ಯಾಲಯ ಸೇರಿ ನಡೆಸುವ ಕೋರ್ಸ್. ಎರಡು ವರ್ಷ, 120 ಕ್ರೆಡಿಟ್. ಒಂದು ವರ್ಷ ಮುಗಿಸಿ ಈಗ ರಜೆಗೆ ಕಾರವಾರಕ್ಕೆ ಬಂದಿದ್ದೇನೆ.

ಗಣಿತ ತುಂಬಾ ಕಷ್ಟವಾಯಿತು. ರಿಯಾಕ್ಟರ್, ಅಂದರೆ ಸೂಕ್ಷ್ಮಜೀವಿಗಳಿಂದ ಕೊಳಚೆ ಶುದ್ಧ ಮಾಡಿಸುವ ತೊಟ್ಟಿಗಳ ಲೆಕ್ಕಕ್ಕೆ ಡಿಫರೆನ್ಷಿಯಲ್ ಸಮೀಕರಣ ಬೇಕೇ ಬೇಕು. ಮೊದಲೇ ಅದನ್ನು ಓದಿಕೊಂಡು ಹೋಗು ಅಂದಿದ್ದಿರಲ್ಲ, ಅದೇ ಕೈ ಹಿಡಿಯಿತು.

ಆದರೆ ಸೂಕ್ಷ್ಮಜೀವಿಗಳ ಪಾಠ ಶುರುವಾದ ಮೇಲೆ ಮನಸ್ಸು ಪೂರ್ತಿ ಅಲ್ಲೇ. ಕೊಳಚೆ ನೀರಿನ ಅಮೋನಿಯಾವನ್ನು ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕ ಇದ್ದಾಗ ನೈಟ್ರೇಟ್ ಮಾಡುತ್ತವೆ. ಬೇರೆ ಕೆಲವು, ಆಮ್ಲಜನಕ ಇಲ್ಲದ ಕಡೆ, ಆ ನೈಟ್ರೇಟನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ.

ನಿನ್ನೆ ಮಳೆ ಬಿಟ್ಟಾಗ, ಇಳಿತದ ಹೊತ್ತಿಗೆ, ಆಯಿ ಜೊತೆ ಕಾಳಿ ನದಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಹೋಗಿದ್ದೆ. ಕಾಲು ಮೊಣಕಾಲವರೆಗೆ ಹೂತುಹೋಯಿತು. ಎಳೆದರೆ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ! ಸಮುದ್ರದ ನೀರಿನ ಸಲ್ಫೇಟ್ ಬಳಸುವ ಬ್ಯಾಕ್ಟೀರಿಯಾಗಳ ಕೆಲಸ ಅದು. ಪಕ್ಕದಲ್ಲೇ ಪೆನ್ಸಿಲ್ ನೆಟ್ಟ ಹಾಗೆ ಉಸಿರಾಡುವ ಬೇರುಗಳು. ಚಿಕ್ಕಂದಿನಿಂದ ನೋಡಿದ್ದೇ, ಆದರೂ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ಗಿಡ ಬೆಳೆಸಿ ಕೊಳಚೆ ನೀರು ಶುದ್ಧ ಮಾಡುವ ಹಾಸುಗಳ ಬಗ್ಗೆ ಥೀಸಿಸ್ ಮಾಡಬೇಕು ಅಂತಿದೆ. ಮಾರ್ಗದರ್ಶಕರ ಜೊತೆ ಸೆಪ್ಟೆಂಬರ್‌ನಲ್ಲಿ ಮಾತಾಡುತ್ತೇನೆ.