ಕೋಡಿನ ಸಾಲಿಗೆ ಎಷ್ಟು ಅಕ್ಷರದ ಮಿತಿ ಇಡಬೇಕು? 80ಕ್ಕೂ 120ಕ್ಕೂ ನಮ್ಮಲ್ಲಿ ಒಮ್ಮತ ಆಗುತ್ತಿಲ್ಲ

ಹೇಮಾವತಿ_ದಡ (ಹಾಸನ):

ಎಲ್ಲರಿಗೂ ನಮಸ್ಕಾರ. ಹಾಸನದ ಬಿ.ಎಂ. ರಸ್ತೆಯಲ್ಲಿ ನಮ್ಮದೊಂದು ಸಣ್ಣ ಆಫೀಸ್ ಇದೆ. ಕಾಫಿ ಕೊಳ್ಳುವ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬೆಳೆಗಾರರು ಮೂಟೆ ತಂದಾಗ ತೂಕ, ತೇವಾಂಶ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಕಾಳಿನ ಪ್ರಮಾಣ) ನೋಡಿ ಆ ದಿನದ ರೇಟಿಗೆ ಬಿಲ್ ಹಾಕುವ ಕೆಲಸ. ಬ್ಯಾಕೆಂಡ್ ಪೈಥಾನ್, ಜಾಂಗೋ. ಫ್ರಂಟೆಂಡ್ ರಿಯಾಕ್ಟ್.

ಈಗ ವಿಷಯಕ್ಕೆ ಬರುತ್ತೇನೆ. ಹೊಸದಾಗಿ ಸೇರಿದ ಹುಡುಗ 27 ಇಂಚಿನ ಮಾನಿಟರ್ ಇಟ್ಟುಕೊಂಡಿದ್ದಾನೆ. ಅವನ ಫಾರ್ಮ್ಯಾಟರ್‌ನಲ್ಲಿ (ಸೇವ್ ಮಾಡಿದಾಗ ಕೋಡಿನ ಸಾಲುಗಳನ್ನು ತಾನೇ ಜೋಡಿಸುವ ಟೂಲ್) ಸಾಲಿನ ಮಿತಿ 120. ಸಕಲೇಶಪುರದ ಮನೆಯಿಂದ ಕೆಲಸ ಮಾಡುವ ನಮ್ಮ ಹಿರಿಯರೊಬ್ಬರು 79 ಇಟ್ಟುಕೊಂಡಿದ್ದಾರೆ. ಇಬ್ಬರೂ ಒಂದೇ ಫೈಲ್ ಮುಟ್ಟಿದರೆ ಮುಗಿಯಿತು. ಇವನು ಸೇವ್ ಮಾಡಿದಾಗ ಸಾಲುಗಳು ಸೇರಿಕೊಳ್ಳುತ್ತವೆ, ಅವರು ಸೇವ್ ಮಾಡಿದಾಗ ಮತ್ತೆ ಒಡೆಯುತ್ತವೆ.

ಮೊನ್ನೆ ಒಂದು ಪುಲ್ ರಿಕ್ವೆಸ್ಟ್ (ಕೋಡಿನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂತು. ಉದ್ದಕ್ಕೂ ಕೆಂಪು, ಹಸಿರು, ಅಂದರೆ ತೆಗೆದ ಸಾಲು, ಸೇರಿಸಿದ ಸಾಲು. ನಿಜವಾಗಿ ಬದಲಾಗಿದ್ದು ಒಂದೇ ಕಂಡಿಶನ್. ತೇವಾಂಶ ಮಿತಿಗಿಂತ ಕಡಿಮೆ ಇದ್ದರೆ ಮಾತ್ರ ಪೂರ್ತಿ ರೇಟ್ ಎನ್ನುವುದು, ಮಿತಿಗೆ ಸಮ ಇದ್ದರೂ ಪೂರ್ತಿ ರೇಟ್ ಅಂತ ಆಗಿತ್ತು. ಒಂದು 'ಈಕ್ವಲ್' ಚಿಹ್ನೆ ಸೇರಿದ್ದು ಅಷ್ಟೇ. ಸಾಲು ಒಡೆದ ಗಲಾಟೆಯ ನಡುವೆ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಇದು ಬೆಳೆಗಾರನ ಕೈಗೆ ಸೇರುವ ದುಡ್ಡಿನ ಲೆಕ್ಕ. ಹಾಗಾಗಿ 'ಅವರವರ ಇಷ್ಟ' ಅಂತ ಬಿಡುವುದಕ್ಕೆ ನನಗೆ ಮನಸ್ಸಿಲ್ಲ.

ನನ್ನ ಪ್ರಶ್ನೆ ಇಷ್ಟು. ಈ 80 ಎಲ್ಲಿಂದ ಬಂತು? ಇವತ್ತಿಗೂ ಅದಕ್ಕೆ ಅರ್ಥ ಇದೆಯಾ? ನೀವೆಲ್ಲ ಎಷ್ಟು ಇಟ್ಟಿದ್ದೀರಿ, ಯಾಕೆ? ಸುಮ್ನೆ ಒಂದು ಸಂಖ್ಯೆ ಹೇಳಬೇಡಿ, ಕಾರಣ ಸಮೇತ ಹೇಳಿ. ಇಬ್ಬರನ್ನೂ ಕೂರಿಸಿಕೊಂಡು ನಾನು ಮಾತಾಡಬೇಕು.

ಹಳೇ_ಫೋರ್ಟ್ರಾನ್ (ಚಿಕ್ಕಮಗಳೂರು):

ಮೊದಲನೇ ಪ್ರಶ್ನೆಗೆ ನಾನು ಹೇಳುತ್ತೇನೆ. 80 ಬಂದದ್ದು ಪಂಚ್ ಕಾರ್ಡಿನಿಂದ, ಅಂದರೆ ತೂತು ಕೊರೆದು ಕೋಡ್ ದಾಖಲಿಸುತ್ತಿದ್ದ ಕಾರ್ಡು, ಕಾಲಮ್ಮಿಗೆ ಒಂದು ಅಕ್ಷರ. ಐಬಿಎಂ 1928ರಲ್ಲಿ 80 ಕಾಲಮ್ಮಿನ ಕಾರ್ಡ್ ತಂದಿತು. ಅದಕ್ಕೂ ಮುಂಚೆ ಇದ್ದದ್ದು 45 ಕಾಲಮ್, ದುಂಡನೆಯ ತೂತು. ಆಯತಾಕಾರದ ತೂತು ಮಾಡಿದ ಮೇಲೆ ಅಷ್ಟೇ ದೊಡ್ಡ ಕಾರ್ಡಿನಲ್ಲಿ 80 ಹಿಡಿಯಿತು.

ಫೋರ್ಟ್ರಾನ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆ 80 ಕೂಡ ಪೂರ್ತಿ ಸಿಗುತ್ತಿರಲಿಲ್ಲ. ಮೊದಲ ಐದು ಕಾಲಮ್ ಲೇಬಲ್‌ಗೆ, ಆರನೆಯದು ಹಿಂದಿನ ಸಾಲು ಮುಂದುವರಿದಿದೆ ಎಂದು ತೋರಿಸಲು. ಕೋಡ್ ಬರೆಯುವುದು 7ರಿಂದ 72ರವರೆಗೆ. 73ರಿಂದ 80ರವರೆಗೆ ಏನು ಬರೆದರೂ ಕಂಪೈಲರ್ ನೋಡುತ್ತಿರಲಿಲ್ಲ. ಅಲ್ಲಿ ಕಾರ್ಡಿನ ಕ್ರಮಸಂಖ್ಯೆ ಹಾಕುತ್ತಿದ್ದೆವು. ಕಟ್ಟು ಕೈ ಜಾರಿ ಬಿದ್ದು ಚೆಲ್ಲಾಪಿಲ್ಲಿ ಆದರೆ ಜೋಡಿಸಿಕೊಳ್ಳಲು ಅದೇ ಗತಿ. ಇಂಜಿನಿಯರಿಂಗ್ ಓದುವಾಗ ನಾನೇ ಹಾಗೆ ಬರೆದಿದ್ದೇನೆ.

ಆಮೇಲೆ ಟರ್ಮಿನಲ್‌ಗಳು ಬಂದವು. ಅವೂ 80ನ್ನೇ ಉಳಿಸಿಕೊಂಡವು. 1978ರ ವಿಟಿ100ರಲ್ಲಿ 80 ಕಾಲಮ್, 24 ಸಾಲು. ಅದರಲ್ಲಿ 132 ಕಾಲಮ್ಮಿನ ಮೋಡೂ ಇತ್ತು. ಆದರೂ ಕೋಡಿಗೆ ಜನ 80ನ್ನೇ ಇಟ್ಟುಕೊಂಡರು.

ಕಾರ್ಡ್ ಹೋಯಿತು, ಹಾಗಾಗಿ 80ಕ್ಕೆ ಬೆಲೆ ಇಲ್ಲ ಎಂದು ವಾದ ಮಾಡುವವರು ಬಹಳ ಜನ. ನಾನು ಒಪ್ಪುವುದಿಲ್ಲ. ಕಾರ್ಡ್ ಇಲ್ಲದಿದ್ದರೂ ಓದುವ ಕಣ್ಣು ಅದೇ ಅಲ್ವಾ?

ಬಿಸಿಲೆ_ಘಾಟಿ (ಹಾಸನ):

ನಾನು 120ರ ಕಡೆ. ನನ್ನ ಕೆಲಸ ಜಾವಾದಲ್ಲಿ. ಕ್ಲಾಸಿನ ಹೆಸರೇ ಮೊಳ ಉದ್ದ ಇರುತ್ತದೆ. ಕ್ಲಾಸು, ಅದರೊಳಗೆ ಮೆಥಡ್, ಅದರೊಳಗೆ ಲೂಪ್, ಅದರೊಳಗೆ ಇಫ್. ನಾಲ್ಕು ಹಂತ ಒಳಗೆ ಹೋದರೆ ಇಂಡೆಂಟಿಗೇ 16 ಜಾಗ ಹೋಯಿತು. ಗೂಗಲ್ ಕೂಡ ತನ್ನ ಸ್ಟೈಲ್ ಗೈಡಿನಲ್ಲಿ ಸಿ++ಗೆ 80 ಇಟ್ಟು, ಜಾವಾಗೆ 100 ಇಟ್ಟಿದೆ. ಭಾಷೆ ನೋಡಿ ಮಿತಿ ಇಡಬೇಕು ಅನ್ನುವುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಮಾತು. ರೇಟ್ ಟೇಬಲ್ ಥರದ್ದನ್ನು ದಯವಿಟ್ಟು ಒಡೆಯಬೇಡಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ನಾಲ್ಕಕ್ಕೂ ಒಂದೊಂದು ಸಾಲು, ಅಂಕಿಗಳು ಒಂದರ ಕೆಳಗೆ ಒಂದು. ಹಾಗಿದ್ದರೆ ತಪ್ಪು ಅಂಕಿ ನೋಡಿದ ತಕ್ಷಣ ಗೊತ್ತಾಗುತ್ತದೆ. ಫಾರ್ಮ್ಯಾಟರ್ ಅದನ್ನು ಇಪ್ಪತ್ತು ಸಾಲು ಮಾಡಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಬ್ಲ್ಯಾಕ್ ಎಂಬ ಪೈಥಾನ್ ಫಾರ್ಮ್ಯಾಟರ್ ಬಳಸುತ್ತಿದ್ದರೆ ಆ ಭಾಗದ ಮೇಲೆ 'ಎಫ್‌ಎಂಟಿ ಆಫ್', ಕೆಳಗೆ 'ಎಫ್‌ಎಂಟಿ ಆನ್' ಎಂದು ಕಾಮೆಂಟ್ ಹಾಕಿ. ಅದು ಆ ಭಾಗವನ್ನು ಮುಟ್ಟುವುದಿಲ್ಲ.

ಮಂಜು_ಮುಸುಕು (ಚಿಕ್ಕಮಗಳೂರು):

ನನಗೆ ದೃಷ್ಟಿ ಕಡಿಮೆ. ಅಕ್ಷರ ತುಂಬಾ ದೊಡ್ಡದು ಮಾಡಿಕೊಂಡು ಕೋಡ್ ಓದುತ್ತೇನೆ. 120 ಅಕ್ಷರದ ಸಾಲು ನನ್ನ ಪರದೆಯಲ್ಲಿ ಹಿಡಿಯುವುದೇ ಇಲ್ಲ. ಪ್ರತಿ ಸಾಲಿಗೂ ಬಲಕ್ಕೆ ಎಳೆದು ಓದಬೇಕು, ಮತ್ತೆ ಎಡಕ್ಕೆ ಬರಬೇಕು. ಅಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನುವುದೇ ತಪ್ಪಿ ಹೋಗುತ್ತದೆ.

'ಎಡಿಟರ್‌ನಲ್ಲಿ ವರ್ಡ್ ರ್ಯಾಪ್ ಆನ್ ಮಾಡಿಕೊಳ್ಳಿ' ಎಂದು ಬಹಳ ಜನ ಹೇಳುತ್ತಾರೆ. ಮಾಡಿ ನೋಡಿದ್ದೇನೆ. ರ್ಯಾಪ್ ಒಡೆಯುವುದು ಜಾಗ ಮುಗಿದ ಕಡೆ, ಅರ್ಥ ಮುಗಿದ ಕಡೆ ಅಲ್ಲ. ಬ್ರಾಕೆಟ್ ಒಂದು ಕಡೆ, ಅದರ ಒಳಗಿನದು ಇನ್ನೊಂದು ಕಡೆ. ಬರೆದವರೇ ಅರ್ಥ ನೋಡಿ ಸಾಲು ಮುರಿದಿದ್ದರೆ ನನಗೆ ಎಷ್ಟೋ ಸುಲಭ. 80ರ ಆಸುಪಾಸು ಇರುವ ಕೋಡನ್ನು ನಾನು ಬೇರೆಯವರಷ್ಟೇ ವೇಗವಾಗಿ ರಿವ್ಯೂ ಮಾಡಬಲ್ಲೆ. ಮಿತಿ ಇಡುವಾಗ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಕಾಣುವವರು ಯಾರು ಎಂದು ಒಮ್ಮೆ ಕೇಳಿ.

ಅರೇಬಿಕಾ_ಲಾಟ್ (ಹಾಸನ):

ಹೇಮಾವತಿಯವರೇ, ನಿಮ್ಮ ಇಬ್ಬರೂ ಜಗಳ ಆಡುತ್ತಿರುವುದು ಪರದೆಯ ಅಗಲಕ್ಕೆ. ನಿಮಗೆ ತೊಂದರೆ ಆಗಿರುವುದು ಡಿಫ್ (ಹಳೆ ಕೋಡಿಗೂ ಹೊಸದಕ್ಕೂ ಇರುವ ವ್ಯತ್ಯಾಸ) ಓದುವುದಕ್ಕೆ. ಎರಡೂ ಬೇರೆ ಬೇರೆ.

ಡಿಫ್ ಓದುವಾಗ ಹಳೆಯದು ಎಡಕ್ಕೆ, ಹೊಸದು ಬಲಕ್ಕೆ. ಆಫೀಸ್ ಲ್ಯಾಪ್‌ಟಾಪ್‌ಗಳು ಈಗಲೂ ಎಷ್ಟೋ 1366 ಪಿಕ್ಸೆಲ್ ಅಗಲದವು. ಒಂದು ಅಕ್ಷರಕ್ಕೆ 8 ಪಿಕ್ಸೆಲ್ ಹಿಡಿದರೆ 170 ಅಕ್ಷರ. ಎರಡು ಪಾಲು ಮಾಡಿ, 85. ಸಾಲಿನ ನಂಬರಿಗೆ ಜಾಗ ಬಿಟ್ಟರೆ ಹತ್ತಿರ ಹತ್ತಿರ 80. ಮಲೆನಾಡಿನಲ್ಲಿ ಮಳೆಗಾಲ ಬಂದರೆ ಕರೆಂಟ್ ಕಥೆ ನಿಮಗೇ ಗೊತ್ತು. ಕರೆಂಟ್ ಹೋದರೆ 27 ಇಂಚಿನ ಮಾನಿಟರ್ ಆರಿ ಹೋಗುತ್ತದೆ, ಉಳಿಯುವುದು ಲ್ಯಾಪ್‌ಟಾಪ್ ಒಂದೇ. ಸಕಲೇಶಪುರದವರು 79 ಹಿಡಿದು ಕೂತಿರುವುದಕ್ಕೆ ಇದೂ ಕಾರಣ ಇರಬಹುದು, ಕೇಳಿ ನೋಡಿ.

ಬೇರೆಯವರು ಏನು ಮಾಡಿದ್ದಾರೆ ಅಂತ ಕೇಳಿದಿರಿ. ಪೈಥಾನ್‌ನ ಸ್ಟೈಲ್ ಗೈಡ್ ಆದ ಪೆಪ್ 8 ಕೋಡಿಗೆ 79, ಕಾಮೆಂಟು ಮತ್ತು ಡಾಕ್‌ಸ್ಟ್ರಿಂಗಿಗೆ (ಕೋಡಿನ ಒಳಗೇ ಬರೆಯುವ ವಿವರಣೆ) 72 ಎನ್ನುತ್ತದೆ. ತಂಡ ಒಪ್ಪಿದರೆ ಕೋಡಿಗೆ 99ರವರೆಗೂ ಹೋಗಬಹುದು, ಕಾಮೆಂಟಿನ 72 ಮಾತ್ರ ಬದಲಾಗುವುದಿಲ್ಲ. ಬ್ಲ್ಯಾಕ್‌ನ ಡೀಫಾಲ್ಟ್ 88. ಜಾವಾಸ್ಕ್ರಿಪ್ಟ್ ಕಡೆಯ ಫಾರ್ಮ್ಯಾಟರ್ ಪ್ರಿಟಿಯರ್ 80. ರಸ್ಟ್ ಭಾಷೆಯ ರಸ್ಟ್‌ಎಫ್‌ಎಂಟಿ 100. ಗೋ ಭಾಷೆಯಲ್ಲಿ ಮಿತಿಯೇ ಇಲ್ಲ, ಗೋಫ್‌ಎಂಟಿ ಸಾಲಿನ ಉದ್ದಕ್ಕೆ ತಲೆ ಹಾಕುವುದಿಲ್ಲ. ಲಿನಕ್ಸ್ ಕರ್ನಲ್‌ನಲ್ಲಿ 2020ರಲ್ಲಿ ಇದೇ ಚರ್ಚೆ ಜೋರಾಗಿ ನಡೆಯಿತು. ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಸಾಲು ಒಡೆಯುವುದರಿಂದಲೇ ಕೋಡ್ ಕೆಡುತ್ತದೆ ಎನ್ನುವ ಕಡೆ ನಿಂತರು. ಅವರ ಕೋಡ್ ಪರೀಕ್ಷಿಸುವ ಚೆಕ್‌ಪ್ಯಾಚ್ ಟೂಲ್ ಎಚ್ಚರಿಸುವ ಮಿತಿ 80ರಿಂದ 100ಕ್ಕೆ ಹೋಯಿತು. ಆದರೂ ಅವರ ಸ್ಟೈಲ್ ಪುಟದಲ್ಲಿ 80ಕ್ಕೇ ಆದ್ಯತೆ ಅಂತ ಉಳಿದಿದೆ. ಬಳಕೆದಾರರಿಗೆ ಕಾಣುವ ಸಂದೇಶವನ್ನು ಮಾತ್ರ ಎಷ್ಟೇ ಉದ್ದ ಇದ್ದರೂ ಒಡೆಯಬಾರದು ಎನ್ನುತ್ತಾರೆ. ಒಡೆದರೆ ಗ್ರೆಪ್ ಎಂಬ ಕಮಾಂಡ್ ಕೊಟ್ಟು ಹುಡುಕುವಾಗ ಸಿಗುವುದಿಲ್ಲ. ಇದು ನನಗೆ ತುಂಬಾ ಹಿಡಿಸಿದ ನಿಯಮ. ಗ್ರಾಹಕರು ಫೋನ್ ಮಾಡಿ ಎರರ್ ಓದಿ ಹೇಳುತ್ತಾರಲ್ಲ, ಆಗ ಇದರ ಬೆಲೆ ಗೊತ್ತಾಗುತ್ತದೆ.

ಈಗ ಆ ತೇವಾಂಶದ ಕಂಡಿಶನ್ ನೋಡಿ. ಅದು ಯಾಕೆ ಉದ್ದ ಆಗಿದೆ? ಬಹುಶಃ ಕಾಫಿಯ ಬಗೆ, ತೇವಾಂಶ, ಔಟ್‌ಟರ್ನ್, ಲಾಟ್ ಪಾಸ್ ಆಗಿದೆಯಾ ಇಲ್ಲವಾ ಎಲ್ಲವನ್ನೂ ಒಂದೇ ಇಫ್‌ಗೆ ತುಂಬಿದ್ದೀರಿ. 'ತೇವಾಂಶ ಸರಿ ಇದೆ' ಅಂತ ಒಂದು ವೇರಿಯಬಲ್, 'ಔಟ್‌ಟರ್ನ್ ಸರಿ ಇದೆ' ಅಂತ ಇನ್ನೊಂದು. ಇಫ್ ಒಳಗೆ ಆ ಹೆಸರುಗಳು ಮಾತ್ರ. ಸಾಲು ತಾನಾಗೇ ಚಿಕ್ಕದಾಗುತ್ತದೆ. ನಾಳೆ ಯಾರಾದರೂ ಒಂದು 'ಈಕ್ವಲ್' ಸೇರಿಸಿದರೆ ಡಿಫ್‌ನಲ್ಲಿ ಆ ಒಂದೇ ಸಾಲು ಕಾಣುತ್ತದೆ, 'ತೇವಾಂಶ' ಅನ್ನುವ ಹೆಸರಿನ ಜೊತೆಗೇ. 80ರ ಮಿತಿ ನನಗೆ ಇಷ್ಟ ಇರುವುದು ಇದಕ್ಕೆ. ಹೀಗೆ ಬಿಡಿಸಿ ಬರೆಯುವ ಹಾಗೆ ಅದು ಒತ್ತಾಯ ಮಾಡುತ್ತದೆ.

ಮತ್ತೆ ಎಡಿಟರ್‌ನಲ್ಲಿ ಅವರವರ ಸೆಟ್ಟಿಂಗ್ ಇರುವುದನ್ನು ಇವತ್ತೇ ನಿಲ್ಲಿಸಿ. ಮಿತಿ ರೆಪೊ (ಎಲ್ಲರ ಕೋಡ್ ಒಟ್ಟಿಗೆ ಇರುವ ಜಾಗ) ಒಳಗಿನ ಕಾನ್ಫಿಗ್ ಫೈಲಿನಲ್ಲಿ ಇರಲಿ. ಪ್ರಿ-ಕಮಿಟ್ ಹುಕ್ ಹಾಕಿ, ಅಂದರೆ ಕಮಿಟ್ (ಬದಲಾವಣೆ ದಾಖಲಿಸುವುದು) ಮಾಡುವ ಮುಂಚೆ ಫಾರ್ಮ್ಯಾಟರ್ ತಾನಾಗೇ ಓಡುವ ಹಾಗೆ. ಯಾರು ಎಲ್ಲಿ ಸೇವ್ ಮಾಡಿದರೂ ಬರುವ ರೂಪ ಒಂದೇ.

ಹೇಮಾವತಿ_ದಡ (ಹಾಸನ):

ಅರೇಬಿಕಾ ಅವರೇ, ತುಂಬಾ ಧನ್ಯವಾದ. ಮಂಜು ಅವರು ಬರೆದದ್ದನ್ನು ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹುಡುಗನೂ ಸುಮ್ಮನೆ ಕೇಳಿಸಿಕೊಂಡ. ಆಮೇಲೆ ಅವನೇ ಬಂದು 80ಕ್ಕೆ ಒಪ್ಪಿಗೆ ಎಂದ. ಅಷ್ಟು ದೊಡ್ಡ ಮಾನಿಟರಿನಲ್ಲಿ ಮೂರು ಫೈಲ್ ಪಕ್ಕಪಕ್ಕ ಇಟ್ಟುಕೊಳ್ಳಬಹುದು ಎಂದು ಈಗ ಖುಷಿಯಾಗಿದ್ದಾನೆ. ಪ್ರಿಟಿಯರ್ ಕಡೆಯೂ 80 ಇರುವುದರಿಂದ ಎರಡೂ ಕಡೆ ಒಂದೇ ಸಂಖ್ಯೆ ಇಡುತ್ತಿದ್ದೇವೆ. ರೇಟ್ ಟೇಬಲ್‌ಗಳನ್ನು ಮಾತ್ರ ಬಿಸಿಲೆ ಅವರು ಹೇಳಿದ ಹಾಗೆ ಹೊರಗಿಟ್ಟಿದ್ದೇವೆ.

ಆದರೆ ಒಂದು ಕಡೆ ಸಿಕ್ಕಿಕೊಂಡಿದ್ದೇವೆ. ನಮ್ಮ ಸಂದೇಶಗಳೆಲ್ಲ ಕನ್ನಡದಲ್ಲಿವೆ. ಕಣ್ಣಿಗೆ ಚಿಕ್ಕದಾಗಿ ಕಾಣುವ ಸಾಲಿಗೂ ಲಿಂಟರ್ (ಕೋಡಿನ ತಪ್ಪು ತೋರಿಸುವ ಟೂಲ್) 'ಉದ್ದ ಆಯಿತು' ಎನ್ನುತ್ತದೆ. ಇದಕ್ಕೇನು ಮಾಡುವುದು?

ಅರೇಬಿಕಾ_ಲಾಟ್ (ಹಾಸನ):

ಲಿಂಟರ್ ಎಣಿಸುವುದು ನಾವು ಓದುವ ಅಕ್ಷರವನ್ನಲ್ಲ, ಯೂನಿಕೋಡ್ ಕೋಡ್‌ಪಾಯಿಂಟನ್ನು, ಅಂದರೆ ಕಂಪ್ಯೂಟರ್ ಪ್ರತಿ ಚಿಹ್ನೆಗೂ ಕೊಡುವ ಸಂಖ್ಯೆಯನ್ನು. 'ಚಿಕ್ಕಮಗಳೂರು' ನಮಗೆ ಆರು ಅಕ್ಷರ. ಪೈಥಾನ್‌ನಲ್ಲಿ ಅದರ ಉದ್ದ ಕೇಳಿ, 11 ಎನ್ನುತ್ತದೆ. ಗುಣಿತದ ಚಿಹ್ನೆ ಒಂದೊಂದೂ ಬೇರೆ, ಒತ್ತಕ್ಷರದ ಒಳಗಿನ ಅರ್ಧಾಕ್ಷರದ ಚಿಹ್ನೆಯೂ (್) ಬೇರೆ. ಯುಟಿಎಫ್-8ರಲ್ಲಿ ಒಂದಕ್ಕೆ 3 ಬೈಟ್, ಒಟ್ಟು 33 ಬೈಟ್. ಯಾವುದಾದರೂ ಟೂಲ್ ಬೈಟ್ ಎಣಿಸಿದರೆ ಇನ್ನೂ ಕಷ್ಟ. ಇಂಗ್ಲಿಷ್ ಅಕ್ಷರದ ಹಾಗೆ ಕನ್ನಡದ ಅಕ್ಷರಗಳೆಲ್ಲ ಒಂದೇ ಅಗಲದಲ್ಲಿ ಕೂರುವುದೂ ಇಲ್ಲ. ಹಾಗಾಗಿ ಕನ್ನಡ ಸಂದೇಶಕ್ಕೆ ಕಾಲಮ್ ಲೆಕ್ಕ ಹಾಕುವುದರಲ್ಲಿ ಅರ್ಥವೇ ಇಲ್ಲ.

ನಾನು ಮಾಡುವುದು ಹೀಗೆ. ಸಂದೇಶಗಳನ್ನು ಕೋಡಿನಿಂದ ತೆಗೆದು ಜಾಂಗೋದ ಅನುವಾದ ಫೈಲಿಗೆ ಹಾಕುತ್ತೇನೆ. ಆ ಫೈಲ್ ತಯಾರಿಸುವ ಮೇಕ್‌ಮೆಸೇಜಸ್ ಕಮಾಂಡ್ ಓಡಿಸುವಾಗ 'ನೋ-ರ್ಯಾಪ್' ಆಯ್ಕೆ ಕೊಟ್ಟರೆ ಅಲ್ಲೂ ಸಾಲು ಒಡೆಯುವುದಿಲ್ಲ. ಕೋಡಿನಲ್ಲೇ ಉಳಿಯಬೇಕಾದ ಒಂದೆರಡು ಸಂದೇಶ ಇದ್ದರೆ ಆ ಸಾಲಿಗಷ್ಟೇ ಲಿಂಟರ್ ವಿನಾಯಿತಿ ಕೊಡಿ. ಇಡೀ ಫೈಲಿಗೆ ಕೊಡಬೇಡಿ.

ಹಳೇ_ಫೋರ್ಟ್ರಾನ್ (ಚಿಕ್ಕಮಗಳೂರು):

ಒಂದು ಅನುಮಾನ. ಈಗ ಎಲ್ಲ ಫೈಲೂ ಒಟ್ಟಿಗೆ 80ಕ್ಕೆ ತಂದರೆ ಗಿಟ್‌ನಲ್ಲಿ ಬ್ಲೇಮ್ (ಯಾವ ಸಾಲು ಯಾರು ಬರೆದರು ಎಂದು ತೋರಿಸುವ ಕಮಾಂಡ್) ನೋಡುವಾಗ ಪ್ರತಿ ಸಾಲಿನ ಮೇಲೂ ಫಾರ್ಮ್ಯಾಟ್ ಮಾಡಿದವರ ಹೆಸರೇ ಬರುತ್ತದೆ ಅಲ್ವಾ? ಯಾರು ಯಾಕೆ ಬರೆದರು ಅನ್ನುವುದು ಕಳೆದು ಹೋಗುತ್ತದೆ.

ಅರೇಬಿಕಾ_ಲಾಟ್ (ಹಾಸನ):

ಹೌದು ಸರ್, ಅದಕ್ಕೂ ದಾರಿ ಇದೆ. ತೆರೆದಿರುವ ಪುಲ್ ರಿಕ್ವೆಸ್ಟ್‌ಗಳನ್ನೆಲ್ಲ ಮೊದಲು ಮರ್ಜ್ ಮಾಡಿ ಮುಗಿಸಬೇಕು. ಆಮೇಲೆ ಫಾರ್ಮ್ಯಾಟ್ ಒಂದೇ ಕಮಿಟ್‌ನಲ್ಲಿ, ಬೇರೆ ಯಾವ ಬದಲಾವಣೆಯೂ ಸೇರದ ಹಾಗೆ. ಆ ಕಮಿಟ್‌ನ ಪೂರ್ತಿ ಹ್ಯಾಷ್ (ಗುರುತಿನ ಸಂಖ್ಯೆ) ಅನ್ನು ರೆಪೊದಲ್ಲಿ 'ಡಾಟ್ ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್' ಹೆಸರಿನ ಫೈಲಿನಲ್ಲಿ ಬರೆಯಿರಿ. 2019ರ ಗಿಟ್ 2.23ರಿಂದ ಈ ಸೌಲಭ್ಯ ಇದೆ. ಬ್ಲೇಮ್ ಆ ಕಮಿಟ್ ದಾಟಿ ಹಿಂದಿನವರನ್ನು ತೋರಿಸುತ್ತದೆ. ಗಿಟ್‌ಹಬ್ ಪುಟದಲ್ಲಿ ಇದು ತಾನಾಗೇ ಕೆಲಸ ಮಾಡುತ್ತದೆ. ಅವರವರ ಕಂಪ್ಯೂಟರಿನಲ್ಲಿ ಮಾತ್ರ 'ಬ್ಲೇಮ್ ಡಾಟ್ ಇಗ್ನೋರ್‌ರೆವ್ಸ್‌ಫೈಲ್' ಕಾನ್ಫಿಗ್ ಅನ್ನು ಒಬ್ಬೊಬ್ಬರೂ ಒಂದು ಸಲ ಹಾಕಿಕೊಳ್ಳಬೇಕು, ರೆಪೊ ಕ್ಲೋನ್ ಮಾಡಿದರೆ ಅದು ಜೊತೆಗೆ ಬರುವುದಿಲ್ಲ.

ಹೇಮಾವತಿ_ದಡ (ಹಾಸನ):

ಇದು ಗೊತ್ತಿರಲಿಲ್ಲ. ಎರಡು ಪುಲ್ ರಿಕ್ವೆಸ್ಟ್ ಇನ್ನೂ ಬಾಕಿ ಇವೆ. ತೇವಾಂಶದ್ದನ್ನು ಬಿಡಿಸಿ ಬರೆದು ಮರ್ಜ್ ಮಾಡುತ್ತೇವೆ, ಅದಾದ ಮೇಲೆ ಫಾರ್ಮ್ಯಾಟ್ ಕಮಿಟ್. ಸಕಲೇಶಪುರದವರ ಲ್ಯಾಪ್‌ಟಾಪಿಗೆ ಆ ಕಾನ್ಫಿಗ್ ನಾನೇ ಫೋನಿನಲ್ಲಿ ಹೇಳಿ ಹಾಕಿಸುತ್ತೇನೆ.