ಡ್ಯೂಟಿಯ ಕಷ್ಟವನ್ನು ಇನ್‌ಸ್ಟಾಗ್ರಾಂನಲ್ಲಿ ಹೇಳಬಹುದಾ ಅಕ್ಕ?

ಪ್ರಶ್ನೆ: ಸ್ಟಾಫ್ ನರ್ಸ್, ಠಾಣೆ (ಮುಂಬೈ ಪಕ್ಕದ ಊರು)

ನಮ್ಮ ನರ್ಸ್‌ಗಳ ಗ್ರೂಪಿನ ಎಲ್ಲರಿಗೂ ನಮಸ್ಕಾರ. ನಾನು ಹೊನ್ನಾವರ ಕಡೆಯವಳು. ಇಲ್ಲಿ 150 ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಮೂರು ವರ್ಷದಿಂದ ಇದ್ದೇನೆ. ನೈಟ್ ಡ್ಯೂಟಿಯಲ್ಲಿ 28 ಪೇಷಂಟ್‌ಗೆ ನಾವಿಬ್ಬರೇ. ಕಳೆದ ವಾರ ಸಲೈನ್ ಬದಲಿಸುವುದು ಹತ್ತು ನಿಮಿಷ ತಡವಾಯಿತು. ಪೇಷಂಟ್ ಕಡೆಯವರೊಬ್ಬರು ಟ್ರೇ ತಳ್ಳಿ ಬಾಯಿಗೆ ಬಂದ ಹಾಗೆ ಬೈದರು. ಪಕ್ಕದ ಹಾಸಿಗೆಯವರು ತೆಗೆದ ವಿಡಿಯೋ ನನ್ನ ಹತ್ತಿರ ಇದೆ. ಅದನ್ನು ಹಾಕಿ ಎಲ್ಲ ಹೇಳಿಬಿಡೋಣ ಅನಿಸುತ್ತಿದೆ. ಇನ್‌ಚಾರ್ಜ್ ಸಿಸ್ಟರ್ "ಕೆಲಸ ಹೋಗುತ್ತೆ, ಸುಮ್ನಿರು" ಅಂದರು. ಸುಮ್ನೆ ಇರಬೇಕಾ?

ಉತ್ತರ: ನಿವೃತ್ತ ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ), ಡೊಂಬಿವಲಿ

ಸುಮ್ನೆ ಇರಬೇಡ ತಂಗಿ. ಆದರೆ ಆ ವಿಡಿಯೋ ಮಾತ್ರ ಹಾಕಬೇಡ. ಯಾರಿಗೂ ಫಾರ್ವರ್ಡ್ ಮಾಡಬೇಡ, ಈ ಗ್ರೂಪಿಗೂ ಬೇಡ. ಅಳಿಸಲೂ ಬೇಡ, ದೂರು ಕೊಡುವಾಗ ಬೇಕಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ನನ್ನ ವಾರ್ಡಿನ ಹುಡುಗಿಯೊಬ್ಬಳು ಒಮ್ಮೆ ಬರೀ ಕೈಯ ಫೋಟೋ ಹಾಕಿದ್ದಳು. ಅಜ್ಜಿಯೊಬ್ಬರ ಕೈ, ಅದನ್ನು ಹಿಡಿದ ಇವಳ ಕೈ. ಮುಖ ಇಲ್ಲ, ಹೆಸರಿಲ್ಲ. ನೋಡಿದರೆ ಕಣ್ಣು ತುಂಬುವಂಥ ಫೋಟೋ. ಮಾರನೇ ದಿನ ಅಜ್ಜಿಯ ಸೊಸೆ ಫೋನ್ ಹಿಡಿದುಕೊಂಡು ಬಂದರು. ಸಲೈನ್ ಸೂಜಿಯ ಪಟ್ಟಿ ಪಕ್ಕದಲ್ಲಿ ಅಜ್ಜಿಯ ಹಚ್ಚೆ ಕಾಣುತ್ತಿತ್ತು, ಹಿಂದೆ ಗೋಡೆಯ ಮೇಲೆ ವಾರ್ಡಿನ ಬೋರ್ಡು. ಹಚ್ಚೆ ನೋಡಿ ಊರಿನವರು ಗುರುತು ಹಿಡಿದಿದ್ದರು, ಬೋರ್ಡು ನೋಡಿ ಕಾಯಿಲೆ ಯಾವುದು ಅಂತ ತಿಳಿದಿದ್ದರು. ಅಜ್ಜಿಗೆ ಕ್ಯಾನ್ಸರ್ ಅಂತ ಆ ಮನೆಯವರು ಅಜ್ಜಿಗೇ ಹೇಳಿರಲಿಲ್ಲ. ಆ ಸೊಸೆಯ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಅದಕ್ಕೇ ಬರೆದದ್ದನ್ನು ಹಾಕುವ ಮೊದಲು ಒಂದು ಸಲ ಪೇಷಂಟಿನ ಮಗಳಾಗಿ ಓದು. "ಇದು ನಮ್ಮಮ್ಮನ ವಿಷಯ" ಅಂತ ಅವಳಿಗೆ ಹೊಳೆಯುತ್ತದಾ? ಹಾಗಾದರೆ ಬೇಡ. ದಿನ, ವಾರ್ಡು, ಕಾಯಿಲೆ ಮೂರೂ ಒಟ್ಟಿಗೆ ಇದ್ದರೆ ಹೆಸರೇ ಬೇಕಾಗಿಲ್ಲ.

ಹಾಗಾದರೆ ಏನು ಬರೆಯಬೇಕು? ನಿಯಮ ಬರೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಬೋಧನಾ ಆಸ್ಪತ್ರೆಯ (ಮೆಡಿಕಲ್ ಕಾಲೇಜಿನ ಆಸ್ಪತ್ರೆ) ವಾರ್ಡಿನಲ್ಲಿ 3 ಪೇಷಂಟ್‌ಗೆ, ಬೇರೆ ಆಸ್ಪತ್ರೆಗಳಲ್ಲಿ 5 ಪೇಷಂಟ್‌ಗೆ ಒಬ್ಬ ನರ್ಸ್ ಇರಬೇಕು. ಇದರ ಪಕ್ಕದಲ್ಲಿ "28 ಜನ, ನಾವಿಬ್ಬರು" ಅಂತ ಇಟ್ಟರೆ ಸಾಕು. ಯಾರನ್ನೂ ಬೈಯುವ ಅಗತ್ಯವೇ ಇಲ್ಲ.

ಸಂಬಳದ ವಿಷಯವೂ ಹಾಗೆಯೇ. ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಜಾಸ್ತಿ ಹಾಸಿಗೆಯ ಖಾಸಗಿ ಆಸ್ಪತ್ರೆ ಆ ರಾಜ್ಯದ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಮ್ಮಿ ಇದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಅಂತ ಅದು ಹೇಳಿತು. ನಿಮ್ಮ 150 ಹಾಸಿಗೆಯ ಆಸ್ಪತ್ರೆಗೆ ಬರುವ ಸಾಲು: ಸರ್ಕಾರಿ ಸಂಬಳಕ್ಕಿಂತ ಕಡಿಮೆ ಕೊಟ್ಟರೂ ಆ ವ್ಯತ್ಯಾಸ ಶೇ. 10ನ್ನು ಮೀರಬಾರದು. ಇದು ಶಿಫಾರಸು, ಜಾರಿಗೆ ತರಬೇಕಾದ್ದು ರಾಜ್ಯ ಸರ್ಕಾರಗಳು. ಎಷ್ಟು ಜನ ಸಿಸ್ಟರ್‌ಗಳಿಗೆ ಇದು ಗೊತ್ತಿದೆ ಹೇಳು? ನಿನ್ನ ಮೊದಲ ಪೋಸ್ಟ್ ಇದೇ ಆಗಲಿ.

ಟ್ರೇ ತಳ್ಳಿದ್ದಕ್ಕೆ ಪೋಸ್ಟಿಗಿಂತ ಮೊದಲು ದೂರು ಬರಬೇಕು. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಿಂಸೆಗೆ ಮಹಾರಾಷ್ಟ್ರದಲ್ಲಿ 2010ರಿಂದ ಪ್ರತ್ಯೇಕ ಕಾನೂನಿದೆ, ಅದರಲ್ಲಿ ಡಾಕ್ಟರ್ ಜೊತೆ ನರ್ಸ್‌ಗಳೂ ಬರುತ್ತಾರೆ. 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ. ತಾರೀಖು, ಪಾಳಿ, ಆವತ್ತು ಎಷ್ಟು ಪೇಷಂಟ್, ಎಷ್ಟು ಸ್ಟಾಫ್ ಅಂತ ಬರೆದು ನಿಮ್ಮ ಮೇಟ್ರನ್ ಕೈಗೆ ಕೊಡು. ನಕಲಿನ ಮೇಲೆ ಸಹಿ ಹಾಕಿಸಿಕೊ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ಇನ್ನೊಂದು, ಒಬ್ಬಳೇ ಹೋಗಬೇಡ. ನಿಮ್ಮ ಹೊನ್ನಾವರದ ಪಕ್ಕದ ಹಳದೀಪುರದವರು ಅರುಣಾ ಶಾನಭಾಗ್. ಮುಂಬೈಯ ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯ ನರ್ಸ್. 1973ರಲ್ಲಿ ಆಸ್ಪತ್ರೆಯೊಳಗೇ ನಡೆದ ಹಲ್ಲೆಯಿಂದ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. 1980ರ ದಶಕದಲ್ಲಿ ಅವರನ್ನು ಅಲ್ಲಿಂದ ಬೇರೆ ಕಡೆ ಸಾಗಿಸಲು ಪಾಲಿಕೆ ಹೊರಟಾಗ ಅಲ್ಲಿನ ನರ್ಸ್‌ಗಳೆಲ್ಲ ಒಟ್ಟಾಗಿ ತಡೆದರು. 2015ರ ಮೇ 18ರಂದು ಅರುಣಾ ಕಣ್ಣು ಮುಚ್ಚುವವರೆಗೂ ಅಲ್ಲಿನ ನರ್ಸ್‌ಗಳೇ ನೋಡಿಕೊಂಡರು. ಹಾಗೆ ಒಟ್ಟಾಗಿ ತಡೆದಾಗ ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಒಬ್ಬ ಸಿಸ್ಟರ್ ಹೇಳಿದ್ದರೆ ಯಾರು ಕೇಳುತ್ತಿದ್ದರು? ನೀನೂ ನಾಲ್ಕು ಜನ ಸೇರಿ ಒಂದು ಪೇಜ್ ಮಾಡು. ಬೇರೆ ಬೇರೆ ಆಸ್ಪತ್ರೆಯವರಿದ್ದರೆ ಇನ್ನೂ ಒಳ್ಳೆಯದು. ನಿನ್ನ ಪ್ರೊಫೈಲಿನಿಂದ ಆಸ್ಪತ್ರೆ ಹೆಸರು ಇವತ್ತೇ ತೆಗೆ. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಸೋಶಿಯಲ್ ಮೀಡಿಯಾ ಬಗ್ಗೆ ಏನು ಬರೆದಿದೆ ಅಂತ ಓದು.

ಪ್ರಶ್ನೆ: ಪಾಲಿಕೆ ಆಸ್ಪತ್ರೆಯ ನರ್ಸ್, ಘಾಟ್ಕೋಪರ್, ಮುಂಬೈ

ಮೇಡಂ, ನಮ್ಮಂಥವರಿಗೆ ಇದೆಲ್ಲ ನಡೆಯುತ್ತದಾ?

ಉತ್ತರ

ನಿಮಗೆ ಕಟ್ಟುಪಾಡು ಜಾಸ್ತಿ. 2025ರ ಜುಲೈನಲ್ಲಿ ಮಹಾರಾಷ್ಟ್ರ ಸರ್ಕಾರ ನೌಕರರ ಸೋಶಿಯಲ್ ಮೀಡಿಯಾ ಬಗ್ಗೆ ಆದೇಶ ಹೊರಡಿಸಿದೆ. ಪಾಲಿಕೆಯಂಥ ಸ್ಥಳೀಯ ಸಂಸ್ಥೆಗಳಿಗೂ ಅದು ಅನ್ವಯ. ಸರ್ಕಾರದ ನೀತಿಯನ್ನು ಟೀಕಿಸುವಂತಿಲ್ಲ. ಸ್ವಂತ ಖಾತೆಯ ರೀಲ್ಸ್‌ನಲ್ಲಿ ಯೂನಿಫಾರ್ಮ್, ಆಸ್ಪತ್ರೆ ಕಟ್ಟಡ ತೋರಿಸುವಂತಿಲ್ಲ. ಮರಾಠಿ ಆದೇಶವನ್ನು ಪೂರ್ತಿ ಓದಿ. ಬೇಡಿಕೆಗಳು ನಿಮ್ಮ ಯೂನಿಯನ್ ಮೂಲಕವೇ ಹೋಗಲಿ. ನೀವು ಅವರಿಗೆ ಲೆಕ್ಕ ಕೊಡಿ, ಮಾತು ಅವರು ಆಡಲಿ.

ಪ್ರಶ್ನೆ: ಐಸಿಯು ಸಿಸ್ಟರ್, ಪುಣೆ

ಕಾಮೆಂಟಿನಲ್ಲಿ ಪೇಷಂಟ್ ಕಡೆಯವರೇ ಬಂದು ಸುಳ್ಳು ಬರೆದರೆ?

ಉತ್ತರ

ಎಲ್ಲರೂ ಜಾರುವುದು ಇಲ್ಲೇ. "ನಿಮ್ಮ ತಂದೆಗೆ ಶುಗರ್ 400 ಇತ್ತು, ಅದಕ್ಕೇ ಹಾಗಾಯಿತು" ಅಂತ ಕೈ ತನ್ನಷ್ಟಕ್ಕೆ ಬರೆದುಬಿಡುತ್ತದೆ. ಅವರು ತಾವೇ ಹೇಳಿಕೊಂಡಿರಬಹುದು, ನಾವು ಹೇಳುವ ಹಾಗಿಲ್ಲ. ಅವರು ನಮ್ಮ ಪೇಷಂಟ್ ಅಂತ ಒಪ್ಪಿಕೊಳ್ಳುವುದೂ ತಪ್ಪು. "ಯಾರ ಚಿಕಿತ್ಸೆಯ ಬಗ್ಗೆಯೂ ಇಲ್ಲಿ ಮಾತಾಡುವುದಿಲ್ಲ" ಅಂತ ಒಂದೇ ಸಾಲು ಬರೆಯಿರಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಬಿಟ್ಟುಬಿಡಿ.

ಮತ್ತೆ ಠಾಣೆಯ ಸ್ಟಾಫ್ ನರ್ಸ್

ಅಕ್ಕ, ದೂರು ಬರೆದುಕೊಂಡೆ. ಪೋಸ್ಟ್ ಕನ್ನಡದಲ್ಲೇ ಬರೆಯಲಾ?

ಉತ್ತರ

ಊರಿನವರಿಗೆ ಕನ್ನಡದಲ್ಲಿ ಬರೆ. ಆದರೆ ನಿನ್ನ ವಾರ್ಡಿಗೆ ಬರುವ ಜನ ಓದುವುದು ಮರಾಠಿ. ಜೊತೆಯ ನೈಟ್ ಸಿಸ್ಟರ್ ಹತ್ತಿರ ಮರಾಠಿ ಬರೆಸು, ನಿಮ್ಮ ವಾರ್ಡಿನ ಮಾವಶಿಗೆ (ಆಯಾಗೆ) ಓದಿ ಹೇಳು. ಅವರಿಗೆ ಒಂದೇ ಸಲಕ್ಕೆ ಅರ್ಥವಾಗಬೇಕು. ಹಾಕುವ ಮೊದಲು ನನಗೂ ಕಳಿಸು, ಸಂಜೆ ಐದರ ಮೇಲೆ ಬಿಡುವಾಗಿರುತ್ತೇನೆ.